ಹಾಲಸ್ವಾಮಿಯವರು ಸದ್ಯ ಧರ್ಮಪುರದಲ್ಲಿದ್ದಾರೆ

ಒಂದು ಕೈಯಲ್ಲಿ ಇಕ್ಕಳದಿಂದ ಪಾತ್ರೆಯನ್ನು ಅದುಮಿ ಹಿಡಿದು, ಇನ್ನೊಂದು ಕೈಯಲ್ಲಿ ಕೋಲು ತಿರುವುತ್ತಿದ್ದ ಅನ್ನಪೂರ್ಣಮ್ಮನಿಗೆ ಮುದ್ದೆ ಇನ್ನೇನು ಹದಕ್ಕೆ ಬಂತು ಅನ್ನಿಸುವಷ್ಟರಲ್ಲಿ ಫೋನು ಹೊಡೆದುಕೊಂಡಿತು. ಮುದ್ದೆ ತಿರುವುವಾಗ ಕೈ ನಿಲ್ಲಿಸುವಂತಿಲ್ಲ, ನಿಲ್ಲಿಸಿದರೆ ಗಂಟಾಗುತ್ತದೆ. ಆಕೆ ಕಿರುಬೆರಳಿನಿಂದಲೇ ಹಸಿರು ಗುಂಡಿಯನ್ನೂ ಸ್ಪೀಕರನ್ನೂ ಒತ್ತಿ "ಹಲೋ" ಎಂದಳು.

"ಅನ್ನಪೂರ್ಣ, ನಿನ್ನ ಗಂಡಂಗೆ ನಾವು ಏನು ಅನ್ಯಾಯ ಮಾಡಿದ್ವಿ ಹೇಳವ್ವ."

ಚಿತ್ರದುರ್ಗದ ಯಮುನಕ್ಕ. ಗಂಡನ ಅಕ್ಕ.

"ಯಾಕಕ್ಕ, ಏನಾತು?"

"ಏನಾತು ಅಂತೀಯ! ಬೆಳಿಗ್ಗೆಯಿಂದ ನಮ್ಮ ಬೀದಿ ಆ ತುದೀಲಿ ಬಂದು ಕುಂತವ್ನೆ. ಒಡಹುಟ್ಟಿದ ಅಕ್ಕನ ಮನೆ ಐತೆ, ಒಂದು ಲೋಟ ನೀರು ಕುಡ್ದು ಹೋಗಾಣ ಅಂತ ಅನ್ನಿಸಬ್ಯಾಡ್ವಾ? ನಾನಿಲ್ಲಿ ಶಾವಿಗೆ ಬಸ್ದು ಕಾಯ್ತಾ ಇದೀನಿ. ಮೊಣಕಾಲು ಚೆನ್ನಾಗಿದ್ದಿದ್ರೆ ನಾನೇ ಹೋಗಿ ಕಿವಿ ಹಿಡ್ಕಂಡು ಬರ್ತಿದ್ದೆ."

ಅನ್ನಪೂರ್ಣಮ್ಮ ಕತ್ತು ಹೊರಳಿಸಿ ನೋಡಿದಳು. ನಡುಮನೆಯಲ್ಲಿ, ಖಾಲಿ ತಟ್ಟೆಯ ಮುಂದೆ, ಬನಿಯನ್ ಪಂಚೆಯಲ್ಲಿ, ಹಾಲಸ್ವಾಮಿಯವರು ಈರುಳ್ಳಿ ಕಚ್ಚುತ್ತಾ ಕುಳಿತಿದ್ದರು.

"ಅಕ್ಕ, ಇವ್ರು ಇಲ್ಲೇ ಅವ್ರೆ. ಹೊಸದುರ್ಗದಾಗೇ. ಉಣ್ಣಾಕೆ ಕುಂತವ್ರೆ."

"ಅವನನ್ನ ವಹಿಸ್ಕಬ್ಯಾಡ. ನಾನು ಮ್ಯಾಪ್ ನೋಡ್ತಾ ಇದೀನಿ. ಅವನ ಮುಖ ಇಲ್ಲೇ ಐತೆ. ಕಪ್ಪು ಕನ್ನಡಕ ಹಾಕ್ಕಂಡು ನಗ್ತಾ ಅವ್ನೆ."

"ಬೇಕಾದ್ರೆ ಅವ್ರ ಕೈಗೇ ಕೊಡ್ತೀನಿ, ತಡೀರಿ."

ಹಾಲಸ್ವಾಮಿಯವರು ಈರುಳ್ಳಿ ಹಿಡಿದ ಕೈಯನ್ನು ಜೋರಾಗಿ ಆಡಿಸಿದರು. ಬೇಡ, ಬೇಡ. ಆಮೇಲೆ ಎದ್ದು, ಪಂಚೆ ಎತ್ತಿಕೊಂಡು, ಸದ್ದಾಗದಂತೆ ಬಚ್ಚಲಮನೆಗೆ ಹೋಗಿ ಒಳಗಿನಿಂದ ಚಿಲಕ ಹಾಕಿಕೊಂಡರು.

"ಎಲ್ಲಿ, ಕೊಡು ಮತ್ತೆ," ಎಂದಿತು ಫೋನು.

"ಈಗ ತಾನೆ ಬಚ್ಚಲಿಗೆ ಹೋದ್ರಕ್ಕ."

"ಗೊತ್ತಾತು ಬಿಡು," ಎಂದಳು ಯಮುನಕ್ಕ, ಎಲ್ಲ ತಿಳಿದವರ ದನಿಯಲ್ಲಿ.

ಮುದ್ದೆ ಗಂಟಾಯಿತು.

ಇಲ್ಲಿ ಓದುಗರಿಗೆ ನಿಜ ಸಂಗತಿಯನ್ನು ಹೇಳಿಬಿಡುವುದು ಒಳ್ಳೆಯದು. ಹಾಲಸ್ವಾಮಿಯವರು ಹೊಸದುರ್ಗದಲ್ಲಿ ಪಂಪ್‌ಸೆಟ್ ಬಿಡಿಭಾಗಗಳ ಅಂಗಡಿ ಇಟ್ಟವರು. ವಾಷರ್ ಸವೆದಾಗ ಜನ ಅವರನ್ನು ನೆನೆಯುತ್ತಾರೆ, ಉಳಿದಂತೆ ಇಲ್ಲ. ಆದರೆ ಇಡೀ ಜಿಲ್ಲೆ ತಾನೆಲ್ಲಿದ್ದೇನೆಂದು ತಿಳಿಯಲು ತವಕಿಸುತ್ತಿದೆ ಎಂಬ ನಂಬಿಕೆ ಅವರಿಗೆ ಬಹಳ ಹಿಂದಿನಿಂದ ಇತ್ತು. ಫೋನಿನ ಮ್ಯಾಪಿನಲ್ಲಿ ನಾವಿರುವ ಜಾಗವನ್ನು ಇತರರಿಗೆ ಸದಾ ಕಾಣುವಂತೆ ಇಡಬಹುದು ಎಂದು ತಿಳಿದ ದಿನ ಅವರಿಗೆ ತಮ್ಮ ನಂಬಿಕೆಗೆ ತಕ್ಕ ಯಂತ್ರ ಸಿಕ್ಕಿತು.

ಗುರುವಾರ ಹೊಳಲ್ಕೆರೆ ಕಡೆಯ ತಾಳ್ಯದಲ್ಲಿ ನೆಂಟರ ಮನೆಯ ಗೃಹಪ್ರವೇಶ. ಊಟ ಮುಗಿದ ಮೇಲೆ ಅವರು ಬಂಧುಬಳಗವನ್ನೆಲ್ಲ ಕೂರಿಸಿಕೊಂಡು ಒಬ್ಬೊಬ್ಬರ ಫೋನಿಗೂ ತಮ್ಮ ಇರುವಿಕೆಯನ್ನು ದಯಪಾಲಿಸಿದರು. "ಇನ್ಮೇಲೆ ಹಾಲಸ್ವಾಮಿ ಎಲ್ಲಿದೀಯ ಅಂತ ಯಾರೂ ಫೋನ್ ಮಾಡಂಗಿಲ್ಲ," ಎಂದರು. ಯಾರೂ ಹಿಂದೆಯೂ ಮಾಡಿದವರಲ್ಲ. "ಮನುಷ್ಯ ಸುಳ್ಳು ಹೇಳ್ಬೋದು, ಮ್ಯಾಪ್ ಹೇಳಲ್ಲ. ನೆನಪಿಟ್ಕಳ್ರಿ." ಮಗಳು ದಿವ್ಯಾಳನ್ನು ಕೊಡಬೇಕೆಂದಿದ್ದ ಹಿರಿಯೂರಿನ ಮುರುಗೇಶಪ್ಪನವರಿಗೂ ಅಲ್ಲಿಂದಲೇ, ಅದೇ ಮಾತಿನ ಸಮೇತ, ಕಳಿಸಿದರು. ಬೀಗರ ಹತ್ತಿರ ಮುಚ್ಚುಮರೆ ಏಕೆ?

ಆಮೇಲೆ ಸ್ವಾಮಿಗಳ ಆಶೀರ್ವಚನ ಶುರುವಾಯಿತು. ಹಾಲಸ್ವಾಮಿಯವರು ಫೋನಿನ ಬಾಯಿ ಮುಚ್ಚಿಸಿ, ಇಟ್ಟಿಗೆಯಂಥ ಪವರ್ ಬ್ಯಾಂಕಿಗೆ ರಬ್ಬರ್ ಬ್ಯಾಂಡಿನಿಂದ ಕಟ್ಟಿ, ಪಕ್ಕದಲ್ಲಿ ಮಡಿಸಿಟ್ಟಿದ್ದ ಜಮಖಾನಗಳ ಮೇಲೆ ಇಟ್ಟರು. ಅದು ಮಡಿಕೆಯೊಳಕ್ಕೆ ಜಾರಿತು. ಜಮಖಾನ ಶಾಮಿಯಾನದ ಎತ್ತಪ್ಪನದು. ಎತ್ತಪ್ಪನ ಲಾರಿ ಒಂದು ಊರಿನ ಕಾರ್ಯ ಮುಗಿಸಿ ಇನ್ನೊಂದು ಊರಿಗೆ ಹೋಗುತ್ತದೆ. ಜಮಖಾನ ಹೆಚ್ಚಾದರೆ ಬಿಚ್ಚದೆ ಲಾರಿಯಲ್ಲೇ ಉಳಿಯುತ್ತದೆ. ಇಷ್ಟು ನಮಗೆ ಗೊತ್ತು. ಆ ಶನಿವಾರ ಭೂಮಿಯ ಮೇಲೆ ಇನ್ಯಾರಿಗೂ ಗೊತ್ತಿರಲಿಲ್ಲ.

ಹಾಲಸ್ವಾಮಿಯವರ ತೀರ್ಮಾನ ಬೇರೆಯೇ ಇತ್ತು. "ಬಸ್ಸಲ್ಲಿ ಕಳ್ಳ ಹೊಡ್ದವ್ನೆ. ಆದ್ರೆ ಯಾರಿಗೂ ಹೇಳ್ಬ್ಯಾಡ. ಮೊನ್ನೆ ತಾನೆ ಅಷ್ಟು ಜನದ ಮುಂದೆ ಭಾಷಣ ಮಾಡೀನಿ. ಸೋಮವಾರ ಬೀಗರ ಮುಂದೆ ತಲೆ ಎತ್ತೋದು ಹೆಂಗೆ?"

ಸೋಮವಾರ ನಿಶ್ಚಿತಾರ್ಥ. ಬಂದ ಗಂಡುಗಳಿಗೆಲ್ಲ ತಲೆ ಅಲ್ಲಾಡಿಸುತ್ತಾ ಬಂದಿದ್ದ, ಕಾಲೇಜಿನಲ್ಲಿ ಪಾಠ ಹೇಳುವ ದಿವ್ಯಾ ಮೊದಲ ಸಲ, ಮುರುಗೇಶಪ್ಪನವರ ಮಗ ಮಲ್ಲೇಶನಿಗೆ "ಹೂಂ" ಎಂದಿದ್ದಳು. ಆ ಒಂದು "ಹೂಂ"ಗಾಗಿ ಅನ್ನಪೂರ್ಣಮ್ಮ ಎಷ್ಟು ದಿನ ಕಾದಿದ್ದಳೆಂದು ಆಕೆಗೇ ಗೊತ್ತು.

ಸಂಜೆ ದಿವ್ಯಾ ವಿಷಯ ತಿಳಿದು ತನ್ನ ಫೋನು ಹಿಡಿದು ಕುಳಿತಳು. "ಅಪ್ಪ, ಮೊದ್ಲು ಇದನ್ನ ಎಲ್ರಿಗೂ ಕಾಣಿಸೋದು ನಿಲ್ಲಿಸಾಣ. ಪಾಸ್‌ವರ್ಡ್ ಹೇಳು."

"ಫೋನಲ್ಲೈತೆ."

"ಹೋಗ್ಲಿ, ಹೊಸದು ಮಾಡ್ತೀನಿ... 'ಇದು ನೀವೇನಾ? ನಿಮ್ಮ ಫೋನಿನಲ್ಲಿ ಹೌದು ಎಂದು ಒತ್ತಿ' ಅಂತ ಕೇಳ್ತೈತೆ."

"ಒತ್ತು ಮತ್ತೆ. ನಾನೇ ಅಲ್ವಾ?"

"ನಿನ್ನ ಫೋನಲ್ಲಿ ಒತ್ಬೇಕಪ್ಪ!"

ಹೊಸದುರ್ಗದ ಹಾಲಸ್ವಾಮಿ ಏನು ಮಾಡಬೇಕಾದರೂ ಚಿತ್ರದುರ್ಗದ ಹಾಲಸ್ವಾಮಿಯ ಒಪ್ಪಿಗೆ ಬೇಕಾಗಿತ್ತು.

"ಹಂಗಾದ್ರೆ ಮ್ಯಾಪ್ ನೋಡ್ಕಂಡು ಹೋಗಿ ತಗಂಡು ಬರಾಣ ನಡೀರಿ," ಎಂದಳು ಅನ್ನಪೂರ್ಣಮ್ಮ. ಆ ಮನೆಯಲ್ಲಿ ಆ ವಾರ ಹೊರಟ ಏಕೈಕ ವಿವೇಕದ ಮಾತು ಅದು.

"ಕಳ್ಳನ ಹತ್ರ ಚಾಕು ಇದ್ರೆ?" ಎಂದರು ಹಾಲಸ್ವಾಮಿಯವರು. ಮಾತು ಅಲ್ಲಿಗೆ ಮುಗಿಯಿತು.

ಭಾನುವಾರ ಬೆಳಿಗ್ಗೆ ಆಕೆ ನಾಳಿನ ಹೋಳಿಗೆಗೆ ಬೇಳೆ ಆರಿಸುತ್ತಿದ್ದಾಗ ಮುರುಗೇಶಪ್ಪನವರ ಫೋನು ಬಂತು. ಬೀಗರು ಅಷ್ಟು ಹೊತ್ತಿಗೇ ಫೋನು ಮಾಡುವುದು ಶುಭಕ್ಕಲ್ಲ.

"ಏನ್ರಮ್ಮ, ನಮ್ಮ ಮನೆತನ ವಿಚಾರಿಸ್ಬೇಕು ಅಂದ್ರೆ ನೇರವಾಗಿ ಬಂದು ಕೇಳ್ಬೋದಿತ್ತಲ್ಲ. ಹಿಂದಿನ ಬೀದೀಲಿ ಬಂದು ಕುಂತ್ಕಳಾದೇನು?"

"ಯಾರು ಬಂದವ್ರೆ ಬೀಗರೇ?"

"ಇನ್ಯಾರು? ನಿಮ್ಮ ಯಜಮಾನ್ರು. ನಿನ್ನೆ ರಾತ್ರಿಯಿಂದ ಅವ್ರೆ. ನಮ್ಮನೇರು ಬೀಗರು ಬಂದ್ರು ಅಂತ ಚಿತ್ರಾನ್ನ ಕಲಸಿ ಬಾಗಿಲಲ್ಲಿ ನಿಂತಿದ್ದೇ ನಿಂತಿದ್ದು. ಅಲ್ಲಿ ಒಂದು ಮನೇಲಿ ಇವತ್ತು ನಾಮಕರಣ ಐತೆ. ಶಾಮಿಯಾನ ಹಾಕವ್ರೆ. ಆ ಮನೆಯೋರು ನಿಮಗೇನಾಗ್ಬೇಕು?"

"ಏನೂ ಆಗ್ಬೇಕಾಗಿಲ್ರಿ."

"ಏನೂ ಆಗದೋರ ಮನೆ ನಾಮಕರಣಕ್ಕೆ ಯಾರಾದ್ರೂ ಹಿಂದಿನ ದಿವ್ಸನೇ ಬಂದು ಉಳ್ಕಂತಾರೇನ್ರಿ?" ಮುರುಗೇಶಪ್ಪನವರು ದನಿ ತಗ್ಗಿಸಿದರು. "ಮಗೂನ ಅಪ್ಪ ದುಬೈನಲ್ಲಿ ಅವ್ನೆ ಅಂತಾರೆ. ಅಂತಾರೆ! ಹೋಗಿ ನೋಡಾಣ ಅಂದ್ರೆ ಕರೀದೆ ಹೆಂಗೆ ಹೋಗಾದು?"

ಅನ್ನಪೂರ್ಣಮ್ಮನ ಮಡಿಲಲ್ಲಿದ್ದ ಮೊರದಿಂದ ಬೇಳೆ ಚೆಲ್ಲಿತು. ಆಕೆ ನೇರವಾಗಿ ಗಂಡನ ಹತ್ತಿರ ಹೋಗಿ, ಈ ಸಲ ಬಚ್ಚಲಮನೆಯ ದಾರಿಗೆ ಅಡ್ಡ ನಿಂತು, ಫೋನಿನಲ್ಲಿ ಮುಖ ಕಾಣುವ ಗುಂಡಿ ಒತ್ತಿ ಎದುರಿಗೆ ಹಿಡಿದಳು. "ಫೋನ್ ಕಳ್ದೈತೆ ಅಂತ ಹೇಳ್ರಿ," ಎಂದು ಹಲ್ಲು ಕಚ್ಚಿ ಪಿಸುಗುಟ್ಟಿದಳು.

ಹಾಲಸ್ವಾಮಿಯವರು ನಕ್ಕರು. "ನಮಸ್ಕಾರ ಬೀಗರೇ. ನೋಡ್ರಿ, ಹೊಸದುರ್ಗದಾಗೆ ನನ್ನ ಮನೇಲೇ ಇದೀನಿ. ಮ್ಯಾಪ್ ಸ್ವಲ್ಪ ಕೆಟ್ಟೈತೆ."

"ಮನುಷ್ಯ ಸುಳ್ಳು ಹೇಳ್ಬೋದು, ಮ್ಯಾಪ್ ಹೇಳಲ್ಲ ಅಂತ ಹೇಳಿದ್ದು ಯಾರು?"

"ಅದು... ಸರಿ ಬೀಗರೇ, ನಿಜ ಹೇಳ್ತೀನಿ. ಫೋನ್ ಕಳ್ದೋಗೈತೆ."

"ಈಗ ಕಳ್ದೋತಾ?" ಮುರುಗೇಶಪ್ಪನವರು ಪರದೆಯ ಹತ್ತಿರ ಮುಖ ತಂದು ದಿಟ್ಟಿಸಿದರು. "ಮುಖ ಏನೋ ನಿಮ್ದೇ. ಆದ್ರೆ ಹೋದ ತಿಂಗಳು ನೀವೇ ಕಳಿಸಿದ್ರಿ, ಈಗ ಕಂಪ್ಯೂಟರಲ್ಲಿ ಯಾರ ಮುಖ ಬೇಕಾದ್ರೂ ಮಾಡ್ತಾರೆ, ಅಂಥ ಮುಖ ರೆಪ್ಪೆ ಬಡಿಯಲ್ಲ, ಹುಷಾರು ಅಂತ."

ಹಾಲಸ್ವಾಮಿಯವರು ರೆಪ್ಪೆ ಬಡಿದರು. ಇನ್ನೂ ಬಡಿದರು. ಕಣ್ಣಿಗೆ ಹುಳ ಬಿದ್ದವರಂತೆ ಬಡಿಯತೊಡಗಿದರು.

"ಇಷ್ಟು ಯಾರಾದ್ರೂ ಬಡೀತಾರೇನ್ರಿ?" ಎಂದರು ಮುರುಗೇಶಪ್ಪನವರು, ಸಂಶಯ ಖಚಿತವಾದಂತೆ. "ನಾಳೆ ಬರೋ ವಿಚಾರ ಯೋಚ್ನೆ ಮಾಡಿ ತಿಳಿಸ್ತೀವಿ." ಫೋನು ಕಟ್ಟಾಯಿತು.

ದಿವ್ಯಾ ಬಾಗಿಲಲ್ಲಿ ನಿಂತಿದ್ದಳು. ಕೋಣೆಗೆ ಹೋಗಿ, ನಾಳೆಗೆಂದು ಹೊರಗೆ ತೆಗೆದಿಟ್ಟಿದ್ದ ಸೀರೆಯನ್ನು ಮತ್ತೆ ಬೀರುವಿನೊಳಗೆ ಇಟ್ಟಳು. ಬೀರುವಿನ ಬಾಗಿಲು ಮುಚ್ಚಿದ ಸದ್ದು ಅಡಿಗೆಮನೆಗೂ ಕೇಳಿಸಿತು.

"ಏಳ್ರಿ," ಎಂದಳು ಅನ್ನಪೂರ್ಣಮ್ಮ ಗಂಡನಿಗೆ. "ಪೊಲೀಸ್ ಸ್ಟೇಷನ್‌ಗೆ ಹೋಗಾಣ."

ಠಾಣೆಯಲ್ಲಿ ಪೇದೆ ಬೋರಪ್ಪ ಹೆಸರು ಕೇಳಿದ. ಹೇಳಿದರು. ಅವನ ಮುಖ ಅರಳಿತು.

"ಪಂಪ್‌ಸೆಟ್ ಅಂಗಡಿ ಹಾಲಸ್ವಾಮಿನಾ? ಬರ್ರಿ, ಬರ್ರಿ, ಕುಂತ್ಕಳ್ರಿ. ನಿಮ್ಮನ್ನೇ ಹುಡುಕ್ತಾ ಇದೀವಿ. ಈಗ ತಾನೆ ದುರ್ಗದಿಂದ ನಿಮ್ಮ ಅಕ್ಕಾರು ಫೋನ್ ಮಾಡಿದ್ರು. ನೀವು ಕಾಣೆಯಾಗಿದೀರಿ."

"ಇಲ್ಲೇ ಇದೀನಲ್ಲ ಸ್ವಾಮಿ."

"ಅದು ಸರಿ. ಗುರುತಿನ ಚೀಟಿ ಏನಾದ್ರೂ?"

"ಫೋನಲ್ಲೈತೆ. ಎಲ್ಲಾ ಫೋನಲ್ಲೇ ಇಟ್ಕಂಡೀನಿ. ಕಾಗದದ ಪ್ರತಿ ಬೀರು ತುಂಬಾ ಇದ್ವು, ಇನ್ಯಾಕೆ ಇವು ಅಂತ ಗುಜರಿಗೆ ಹಾಕ್ದೆ."

ಬೋರಪ್ಪ ಅನ್ನಪೂರ್ಣಮ್ಮನ ಕಡೆ ತಿರುಗಿದ. "ಇವ್ರು ನಿಮ್ಮ ಯಜಮಾನ್ರೇನಮ್ಮ?"

ಪ್ರಶ್ನೆ ಸರಳವಾಗಿತ್ತು. ಆದರೆ ಆಕೆಗೆ ಉತ್ತರ ಕೊಡಲು ಬೇಕಾದುದಕ್ಕಿಂತ ಸ್ವಲ್ಪ ಹೆಚ್ಚೇ ಹೊತ್ತು ಹಿಡಿಯಿತು. ಹಾಲಸ್ವಾಮಿಯವರು ಗಾಬರಿಯಿಂದ ಹೆಂಡತಿಯ ಮುಖ ನೋಡಿದರು.

"ಹೌದ್ರಿ," ಎಂದಳು ಕೊನೆಗೆ.

"ಸರಿ. ಈಗ ಫೋನ್ ಕಳ್ದೈತೆ ಅಂತೀರಿ. ಎಲ್ಲೈತೆ ಅಂತ ಮ್ಯಾಪಲ್ಲಿ ಎಲ್ರಿಗೂ ಕಾಣ್ತೈತೆ ಅಂತಾನೂ ಅಂತೀರಿ. ಎಲ್ಲೈತೆ ಅಂತ ಗೊತ್ತಿರೋ ವಸ್ತೂನ ಕಳ್ದೈತೆ ಅಂತ ಹೆಂಗೆ ಬರಕಳ್ಳಿ? ಬಂದಿರೋ ದೂರಿನ ಪ್ರಕಾರ ಕಳ್ದಿರೋದು ನೀವು. ಸದ್ಯಕ್ಕೆ ಮನೆಗೆ ಹೋಗಿ ನೀವು ಸಿಕ್ಕಿದೀರಿ ಅಂತ ನಿಮ್ಮ ಅಕ್ಕಾರಿಗೆ ಒಂದು ಮಾತು ಹೇಳಿಸ್ರಿ. ಫೋನಿಂದು ಆಮೇಲೆ ನೋಡಾಣ."

ಅಕ್ಕನವರಿಗೆ ಹೇಳಿಸುವ ಪ್ರಮೇಯ ಬರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅವರು ಬಾಡಿಗೆ ಕಾರಿನಲ್ಲಿ, ಇಬ್ಬರು ಸೊಸೆಯರು ಹಾಗೂ ಒಂದು ಡಬ್ಬಿ ಶಾವಿಗೆಯೊಂದಿಗೆ, ಗಂಡ ಬಿಟ್ಟುಹೋದ ನಾದಿನಿಯನ್ನು ಸಮಾಧಾನ ಮಾಡಲು ಬಂದಿಳಿದರು. ಪಕ್ಕದ ಮನೆಯ ತಿಪ್ಪಮ್ಮ ಬಂದು ಸೇರಿಕೊಂಡಳು. ಎಲ್ಲರೂ ನಡುಮನೆಯಲ್ಲಿ ಚಾಪೆ ಹಾಸಿಕೊಂಡು ಯಮುನಕ್ಕನ ಫೋನಿನ ಸುತ್ತ ಕುಳಿತರು, ಹಸೆಯ ಸುತ್ತ ಕುಳಿತಂತೆ.

"ಈಗ ಎಲ್ಲವ್ರೆ?" ಎಂದಳು ತಿಪ್ಪಮ್ಮ.

"ಧರ್ಮಪುರದಾಗೆ."

"ಅಯ್ಯೋ ಶಿವನೇ! ಅಲ್ಲಿಂದ ಆಂಧ್ರ ಎಷ್ಟು ದೂರ? ಇನ್ನೊಂದು ಹೆಜ್ಜೆ ಇಟ್ರೆ ಗಡಿ."

ಆ ಹೊತ್ತಿಗೆ, ಠಾಣೆಯಿಂದ ಹೆಂಡತಿಯನ್ನು ಮನೆಗೆ ಬಿಟ್ಟು ಅಂಗಡಿಗೆ ಹೋಗಿದ್ದ ಹಾಲಸ್ವಾಮಿಯವರು ಸ್ಕೂಟರ್ ನಿಲ್ಲಿಸಿ ಒಳಗೆ ಬಂದರು. ಯಮುನಕ್ಕ ತಮ್ಮನನ್ನು ಮೇಲಿನಿಂದ ಕೆಳಗಿನ ತನಕ ನೋಡಿದಳು. ಆಮೇಲೆ ಫೋನು ನೋಡಿದಳು.

"ಯಾವಾಗ ಬಂದಿ ಧರ್ಮಪುರದಿಂದ?"

"ಅಕ್ಕ, ನಾನು ಧರ್ಮಪುರಕ್ಕೆ ಹೋಗೇ ಇಲ್ಲ."

"ಈಗಲೂ ಅಲ್ಲೇ ತೋರಿಸ್ತೈತಲ್ಲೋ! ಎದುರಿಗೇ ನಿಂತ್ಕಂಡು ಸುಳ್ಳು ಹೇಳ್ತೀಯ?"

"ಎದುರಿಗೆ ನಿಂತಿದೀನಿ ಅಂತ ನೀನೇ ಅಂತಾ ಇದೀಯಲ್ಲಕ್ಕ!"

"ನಂಗೆ ತರ್ಕ ಕಲಿಸ್ಬ್ಯಾಡ," ಎಂದಳು ಯಮುನಕ್ಕ. ಒಬ್ಬ ಸೊಸೆ ಎದ್ದು ಮಾವನ ತೋಳನ್ನು ಮೆಲ್ಲಗೆ ಮುಟ್ಟಿ ನೋಡಿ ಬಂದಳು. ಫೋನು ಕಳೆದ ಕಥೆಯನ್ನು ಹಾಲಸ್ವಾಮಿಯವರು ಮೂರು ಸಲ ಹೇಳಿದರು. ಕೇಳಿದವರು ತಲೆದೂಗಿದರು, ಆದರೆ ಕಣ್ಣುಗಳು ಪರದೆಯಲ್ಲೇ ಇದ್ದವು. ಮನೆಯೊಳಗಿನ ಹಾಲಸ್ವಾಮಿ ಹೇಗಿದ್ದರೂ ಕೈಗೆ ಸಿಕ್ಕವರು. ಅವರ ಚಿಂತೆಯೆಲ್ಲ ಧರ್ಮಪುರದ ಬಿಸಿಲಿನಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ಒಂಟಿಯಾಗಿ ನಿಂತಿದ್ದವರ ಬಗ್ಗೆ.

"ಊಟ ಮಾಡ್ದನೋ ಇಲ್ವೋ," ಎಂದು ಯಮುನಕ್ಕ ನಿಟ್ಟುಸಿರು ಬಿಟ್ಟಳು.

ಅನ್ನಪೂರ್ಣಮ್ಮ ಎಲ್ಲರಿಗೂ ಅನ್ನ ಸಾರು ಬಡಿಸಿ, ಪಾತ್ರೆ ಎತ್ತಿ, ಕಾಫಿಗೆ ನೀರಿಟ್ಟಳು. ತಟ್ಟೆ ಹಿಡಿದು ಬಂದಾಗ ಯಾರೂ ತಲೆ ಎತ್ತಲಿಲ್ಲ.

"ಕಾಫಿ ತಂದೀನಿ," ಎಂದಳು. "ಇಲ್ಲಿರೋ ಹಾಲಸ್ವಾಮಿಯವ್ರಿಗೆ ಕೊಡ್ಲೋ, ಧರ್ಮಪುರದೋರಿಗೆ ಎತ್ತಿಡ್ಲೋ?"

"ಇಬ್ರಿಗೂ ಸಕ್ರೆ ಕಮ್ಮಿ ಹಾಕು," ಎಂದಳು ಯಮುನಕ್ಕ, ಪರದೆಯಿಂದ ಕಣ್ಣು ತೆಗೆಯದೆ.

ಹೊತ್ತು ಇಳಿಯುವಾಗ ಮ್ಯಾಪಿನ ಮೇಲೆ ಆ ಮುಖದ ಚುಕ್ಕೆ ಅಲುಗಾಡಿತು. "ಹೊರಟ!" ಎಂದು ಸೊಸೆಯೊಬ್ಬಳು ಕೂಗಿದಳು. ಹಿರಿಯೂರಿಗೆ ಬಂತು. ಹಿರಿಯೂರು ದಾಟಿತು. ಹೊಸದುರ್ಗದ ರಸ್ತೆ ಹಿಡಿಯಿತು. ಇಷ್ಟು ಹೊತ್ತೂ ಮುಖ ಊದಿಸಿಕೊಂಡು ಮೂಲೆಯಲ್ಲಿದ್ದ ಹಾಲಸ್ವಾಮಿಯವರಿಗೂ ತಡೆಯಲಾಗಲಿಲ್ಲ. ಜರುಗಿ ಜರುಗಿ ಅಕ್ಕನ ಭುಜದ ಹಿಂದೆ ಬಂದು ಬಗ್ಗಿದರು.

"ಎಷ್ಟು ನಿಧಾನ ಬರ್ತಾ ಅವ್ನೆ," ಎಂದಳು ತಿಪ್ಪಮ್ಮ.

"ರಸ್ತೆ ಸರಿಯಿಲ್ಲಲ್ಲ," ಎಂದರು ಹಾಲಸ್ವಾಮಿಯವರು. "ಇಗೋ, ಊರೊಳಗೆ ಬಂದೆ ನೋಡ್ರಿ. ಇನ್ನು ಬಸ್ ಸ್ಟ್ಯಾಂಡ್ ದಾಟಿದ್ರೆ ಮನೇಗೇ ಬಂದ್ಬಿಡ್ತೀನಿ."

"ಆರತಿ ತಾ ಅನ್ನಪೂರ್ಣ," ಎಂದಳು ಯಮುನಕ್ಕ. "ಎಲ್ಲೆಲ್ಲಿ ಸುತ್ಕಂಡು ಬರ್ತಾ ಅವ್ನೋ, ಕಣ್ಣು ತಾಗಿರ್ತೈತೆ."

ಹೀಗೆ ಹಾಲಸ್ವಾಮಿಯವರ ಅಕ್ಕ, ಸೊಸೆಯರು, ನೆರೆಯವರು ಹಾಗೂ ಖುದ್ದು ಹಾಲಸ್ವಾಮಿಯವರು, ಆರತಿ ತಟ್ಟೆ ಹಿಡಿದು, ಹಾಲಸ್ವಾಮಿಯವರ ಬರವನ್ನು ಕಾಯುತ್ತಾ ಬೀದಿಯಲ್ಲಿ ನಿಂತರು. ದಿವ್ಯಾ ಮಾತ್ರ ಬಾಗಿಲಲ್ಲೇ ಉಳಿದಳು. ತಿರುವಿನಲ್ಲಿ ಬಿದಿರು ಗಳಗಳನ್ನು ಹೊತ್ತ ಲಾರಿಯೊಂದು ಕಾಣಿಸಿತು. ಅದು ಬಂದು ಮನೆಯ ಮುಂದೆಯೇ ನಿಂತಿತು. ಎತ್ತಪ್ಪ ಕೆಳಗಿಳಿದು ಆರತಿ ನೋಡಿ ಬೆರಗಾದ.

"ಏನ್ರಿ ಯಜಮಾನ್ರೇ, ಶಾಮಿಯಾನಕ್ಕೆ ಇಷ್ಟು ಮರ್ಯಾದೆ ಯಾವೂರಲ್ಲೂ ಕೊಡಲಿಲ್ಲ. ನಾಳೆ ಕಾರ್ಯ ಅಲ್ವಾ, ಇವತ್ತೇ ಹಾಕ್ಬಿಡಾಣ ಅಂತ ಬಂದೆ."

ಅವನ ಮಾತು ಮುಗಿಯುವ ಮೊದಲೇ ಹಿಂದಿನಿಂದ ಒಂದು ಕಾರು ಕಿರ್ರೆಂದು ಬಂದು ನಿಂತಿತು. ಹಿರಿಯೂರಿನಿಂದ ಚುಕ್ಕೆಯ ಬೆನ್ನು ಹತ್ತಿ ಬಂದ ಮುರುಗೇಶಪ್ಪನವರು ಫೋನು ಹಿಡಿದೇ ಧುಮುಕಿ, ಲಾರಿಯ ಬಾಗಿಲು ಎಳೆದು, "ಇಳೀರಿ ಕೆಳಗೆ! ಅವಿತ್ಕಂಡ್ರೆ ಬಿಡ್ತೀನಾ?" ಎಂದು ಗುಡುಗಿದರು.

ಹಾಲಸ್ವಾಮಿಯವರು ಹಿಂದಿನಿಂದ ಅವರ ಭುಜ ತಟ್ಟಿದರು. "ಬೀಗರೇ..."

"ಒಂದ್ನಿಮಿಷ ತಡೀರಿ," ಎಂದರು ಮುರುಗೇಶಪ್ಪನವರು ತಿರುಗದೆಯೇ. "ಇಲ್ಲೊಬ್ರನ್ನ ಹಿಡೀತಾ ಇದೀನಿ."

ಎತ್ತಪ್ಪ ಜಮಖಾನ ಎಳೆದ. ಪವರ್ ಬ್ಯಾಂಕಿಗೆ ಕಟ್ಟಿದ ಫೋನು ದೊಪ್ಪೆಂದು ಬೀದಿಗೆ ಬಿತ್ತು. ಎಲ್ಲರ ಫೋನಿನಲ್ಲೂ ಹಾಲಸ್ವಾಮಿಯವರು ಮನೆಗೆ ಬಂದು ತಲುಪಿದ್ದರು.

ಮುರುಗೇಶಪ್ಪನವರು ಫೋನು ನೋಡಿದರು, ಲಾರಿಯ ಮೇಲಿನ ಎತ್ತಪ್ಪನ ಹೆಸರು ನೋಡಿದರು, ತಮ್ಮ ಹಿಂದಿನ ಬೀದಿಯ ನಾಮಕರಣದ ಶಾಮಿಯಾನ ನೆನಪಾಯಿತು. ಮೊದಲು ಅವರ ಮೀಸೆ ನಡುಗಿತು, ಆಮೇಲೆ ಹೊಟ್ಟೆ. ಕಾರಿನ ಚಕ್ರಕ್ಕೆ ಒರಗಿ ಕುಳಿತು ನಕ್ಕರು. ಕಾರಿನೊಳಗಿನಿಂದ ಅವರ ಹೆಂಡತಿ, "ಪಾಪ, ದುಬೈ ಹುಡುಗನ ಮೇಲೆ ಏನೆಲ್ಲ ಅಂದ್ರಲ್ರಿ," ಎಂದರು. ಅವರ ಹಿಂದಿನ ಸೀಟಿನಿಂದ ಮಲ್ಲೇಶ ಇಳಿದು, ಎಲ್ಲರನ್ನೂ ಬಿಟ್ಟು ಬಾಗಿಲಲ್ಲಿದ್ದ ದಿವ್ಯಾಳನ್ನು ನೋಡಿ, ಎರಡೂ ಕೈಯಲ್ಲಿ ತನ್ನ ಕಿವಿ ಹಿಡಿದುಕೊಂಡ. ಅವಳು ನಗು ತಡೆಯಲು ಒಳಗೆ ಓಡಿದಳು. ಬೀರು ಮತ್ತೆ ತೆರೆದ ಸದ್ದು ಅನ್ನಪೂರ್ಣಮ್ಮನಿಗೆ ಕೇಳಿಸಿತು. ಆಕೆ ಗೋಡೆ ಹಿಡಿದು ಒಂದು ಗಳಿಗೆ ಕಣ್ಣು ಮುಚ್ಚಿದಳು. ಆಮೇಲೆ ಬಂದವರಿಗೆಲ್ಲ ಅಕ್ಕಿ ತೊಳೆಯಲು ಒಳಗೆ ಹೋದಳು.

ಊಟದ ಪಂಕ್ತಿಯಲ್ಲಿ ಹಾಲಸ್ವಾಮಿಯವರಿಗೆ ಹೋದ ಜೀವ ಬಂದಿತ್ತು. "ನೋಡಿದ್ರಾ? ಮ್ಯಾಪ್ ಒಂದಡಿ ಆ ಕಡೆ ಈ ಕಡೆ ಹೋಗ್ಲಿಲ್ಲ. ಎಲ್ಲಾ ಊರೂ ಸರಿಯಾಗೇ ತೋರಿಸ್ತು. ನಾನು ಅದರ ಜೊತೆ ಇರ್ಲಿಲ್ಲ ಅನ್ನೋದು ಬಿಟ್ರೆ ಏನು ತಪ್ಪು ಹೇಳ್ರಿ?"

ಯಾರಿಗೂ ತಪ್ಪು ಹೊಳೆಯಲಿಲ್ಲ.

ಸೋಮವಾರ ನಿಶ್ಚಿತಾರ್ಥ ಚೆನ್ನಾಗಿಯೇ ನಡೆಯಿತು. ಮಂಗಳವಾರ ಬೆಳಿಗ್ಗೆ ಹಾಲಸ್ವಾಮಿಯವರು ಅಡಿಗೆಮನೆಗೆ ಬಂದು ಕೈ ಚಾಚಿದರು. "ನಿನ್ನ ಫೋನೂ ಕೊಡು. ಇನ್ಮೇಲೆ ಮನೇಲಿ ಎಲ್ರೂ ಎಲ್ಲಿದಾರೆ ಅಂತ ಎಲ್ರಿಗೂ ಗೊತ್ತಾಗ್ಬೇಕು."

ಎರಡು ದಿನ ಉಳಿದು ಹೋಗುವೆನೆಂದು ನಿಂತಿದ್ದ ಯಮುನಕ್ಕ ನಡುಮನೆಯಿಂದ ನಕ್ಕಳು. "ಅವಳ್ದು ಯಾಕೋ? ಅವಳೆಲ್ಲಿಗೆ ಹೋಗ್ತಾಳೆ?"

ಅನ್ನಪೂರ್ಣಮ್ಮ ಸೆರಗಿಗೆ ಕೈ ಒರೆಸಿಕೊಂಡು ಫೋನು ಕೊಟ್ಟಳು. ಜಗಳಕ್ಕೆ ಸಿದ್ಧವಾಗಿ ಬಂದಿದ್ದ ಹಾಲಸ್ವಾಮಿಯವರಿಗೆ ನಿರಾಸೆಯೇ ಆಯಿತು. ಅಲ್ಲಿ ಇಲ್ಲಿ ಒತ್ತಿ, ಪರದೆಯನ್ನು ಆಕೆಯ ಕಡೆ ತಿರುಗಿಸಿದರು. ಯಾರದೋ ಮದುವೆಯ ಗುಂಪಿನಿಂದ ಕತ್ತರಿಸಿದ ಆಕೆಯ ಮುಖ, ಅವರ ಮನೆಯ ಮಾಡಿನ ಮೇಲೆ ಅಂಟಿಕೊಂಡಿತ್ತು.

"ನೋಡು, ಮನೇಲೇ ಇದೀಯ."

"ಫೋನ್ ಮನೇಲಿದ್ರೆ ನಾನು ಮನೇಲಿದೀನಿ ಅಂತಾನೇ ತೋರಿಸ್ತೈತಾ?"

"ಹೂಂ ಮತ್ತೆ! ಮ್ಯಾಪ್ ಸುಳ್ಳು ಹೇಳ್ತೈತಾ?" ಇಷ್ಟು ವರ್ಷದ ಮೇಲೆ ಹೆಂಡತಿಗೆ ಒಂದು ವಿಷಯವನ್ನು ಮನದಟ್ಟು ಮಾಡಿಸಿದ ತೃಪ್ತಿಯಲ್ಲಿ ಹಾಲಸ್ವಾಮಿಯವರು ಅಂಗಡಿಗೆ ಹೊರಟರು.

ಆಕೆ ಒಲೆಯ ಮುಂದೆ ನಿಂತಿದ್ದಳು. ಮಾರಿಕಣಿವೆಯ ಜಲಾಶಯ ಈ ಸಲ ಕೋಡಿ ಬೀಳುವಷ್ಟು ತುಂಬಿದೆ ಎಂದು ಯಾರೋ ಹೇಳಿದ್ದರು. ಇಷ್ಟು ಹತ್ತಿರವಿದ್ದೂ ಅಷ್ಟು ನೀರನ್ನು ಒಟ್ಟಿಗೆ ಕಂಡು ಎಷ್ಟೋ ಕಾಲವಾಗಿತ್ತು. ಶುಕ್ರವಾರದ ಹೊತ್ತಿಗೆ ಯಮುನಕ್ಕ ಹೋಗಿರುತ್ತಾಳೆ. ಅಂಗಡಿ ತೆರೆಯುವ ಹೊತ್ತಿಗೆ ಬಸ್ಸು ಹತ್ತಿದರೆ ಸಂಜೆ ಸಾರು ಮಾಡುವ ಹೊತ್ತಿಗೆ ವಾಪಸ್ಸು. ಫೋನಿಗೆ ಚಾರ್ಜು ತುಂಬಿಸಿ, ಸದ್ದು ತೆಗೆದು, ಇಲ್ಲೇ ಹಿಟ್ಟಿನ ಡಬ್ಬಿಯ ಪಕ್ಕ ಇಟ್ಟರಾಯಿತು. ಇಡೀ ದಿನ ಇಲ್ಲೇ ನಿಂತಿರುತ್ತಾಳೆ ಅನ್ನಪೂರ್ಣಮ್ಮ, ಎಲ್ಲರ ಕಣ್ಣಿಗೂ ಕಾಣುವಂತೆ.

"ಅನ್ನಪೂರ್ಣ, ಎಲ್ಲಿದೀಯೇ?" ಎಂದು ನಡುಮನೆಯಿಂದ ಯಮುನಕ್ಕ ಕೂಗಿದಳು.

"ಇಲ್ಲೇ ಇದೀನಿ ಅಕ್ಕ," ಎಂದು, ಆಕೆ ಹಾಲಿನ ಉರಿ ಸಣ್ಣ ಮಾಡಿದಳು.